ಹಿಂದಿನ ಆಸನ

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ನಿರ್ಮಾಣ 2014ರಲ್ಲಿ ನಿಂತಿತು. ನಮ್ಮ ಮನೆಯದು ಇನ್ನೂ ಓಡುತ್ತಿದೆ. ಅದರ ಸ್ಟೀರಿಂಗ್ ತಿರುಗಿಸಲು ತೋಳ್ಬಲ ಬೇಕು; ಪೆಟ್ರೋಲಿನ ದಾಹವೂ ಹೆಚ್ಚು; ಕಿಕ್ಕಿರಿದ ಬೀದಿಯಲ್ಲಿ ನಿಲ್ಲಿಸಲು ಎಡೆ ದೊರೆಯದು. 15 ವರ್ಷ ಮೀರಿದುದರಿಂದ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು.

ಆದರೂ ಅದನ್ನು ಮಾರಲು ನನಗೆ ಮನಸ್ಸಿಲ್ಲ. ಅದರ ನಿಡಿದಾದ ಹಿಂದಿನ ಆಸನ, ಸಂಸಾರವೆಂದರೆ ಗಂಡ, ಹೆಂಡತಿ, ಮಕ್ಕಳಷ್ಟೇ ಅಲ್ಲ, ಅಜ್ಜಿಯೂ ಸೋದರತ್ತೆಯೂ ಹೌದೆಂದು ನಂಬಿದ್ದ ಕಾಲದ್ದು. ಈಗ ಅದರ ಬಹುಭಾಗ ತೆರವಾಗಿರುತ್ತದೆ. ಹಳೆಯ ಕಾರು ಮೂಲೆಗೆ ಸರಿಯುವುದು ಕಾಲಧರ್ಮ; ಅದನ್ನು ಹಳಿಯಲಾರೆ. ಆದರೆ ಬಾಗಿಲು ತೆರೆದು ‘ನೀವೂ ಬನ್ನಿ, ಜಾಗವಿದೆ’ ಎನ್ನುವ ರೂಢಿಯೂ ಅದರೊಡನೆ ಅಳಿಯಬೇಕೆ?