ರ‍್ಯಾಂಕಿನ ಒತ್ತು

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಗರದ ಮನೆಮನೆಯಲ್ಲಿಯೂ ಒಂದೇ ಮಾತು. ಅದಕ್ಕೆ ತಕ್ಕ ಕನ್ನಡ ಪದವಿಲ್ಲವೆಂದಲ್ಲ. ಆದರೂ ‘ರ‍್ಯಾಂಕ್’ ಎಂದರೇ ತಂದೆತಾಯಿಗಳಿಗೆ ತೃಪ್ತಿ. ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮಗಳಿಗೆ ರ‍್ಯಾಂಕ್ ಬಂದಿದೆ. ನೆಂಟರಿಷ್ಟರನ್ನು ಊಟಕ್ಕೆ ಕರೆಯಬೇಕಾಗಿದೆ. ಇಂಜಿನಿಯರಿಂಗ್ ಓದುತ್ತಿರುವ ಅಣ್ಣ ತನ್ನ ವಿಂಡೋಸ್ ಗಣಕಯಂತ್ರದಲ್ಲಿ ತಾನೇ ಬರೆದ ಪುಟ್ಟ ತಂತ್ರಾಂಶದ ಮೂಲಕ ಆಮಂತ್ರಣ ಪತ್ರಿಕೆಯನ್ನು ಮುದ್ರಿಸುತ್ತಾನೆ. ಒಕ್ಕಣೆ ಸೋದರಮಾವನ ಹಳೆಯ ಕಡತದಿಂದ ಬಂದದ್ದು. ಹಾಳೆ ಹೊರಬಿದ್ದೊಡನೆ ತಾಯಿಯ ಕಣ್ಣು ನೇರವಾಗಿ ಆ ಒಂದು ಪದದ ಮೇಲೆ ಬೀಳುತ್ತದೆ. ‘ರ್’ ಒಂದು ಕಡೆ ನಿಂತಿದೆ, ‘ಯಾ’ ಮತ್ತೊಂದು ಕಡೆ ಕುಳಿತಿದೆ.

“ನನ್ನ ಮಗಳ ರ‍್ಯಾಂಕ್ ಹೀಗೇಕೆ ಮುರಿದುಬಿದ್ದಿದೆಯೋ?” ಎಂದು ಆಕೆ ಕೇಳುತ್ತಾಳೆ.

ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ಉತ್ತರ ಹುಡುಕಹೊರಟ ಹುಡುಗನಿಗೆ ಎರಡು ರಾತ್ರಿಯ ನಿದ್ದೆ ಖರ್ಚಾಗುತ್ತದೆ.

ಅಚ್ಚಿನ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಈ ತೊಡಕು ಹುಟ್ಟುತ್ತಿರಲಿಲ್ಲ. ಒತ್ತು ಎಲ್ಲಿ ಬರಬೇಕು, ಅರ್ಕಾವತ್ತು ಎಲ್ಲಿ ಕೂರಬೇಕು ಎಂಬುದನ್ನು ಜೋಡಣೆಗಾರನ ಬೆರಳುಗಳೇ ಬಲ್ಲವಾಗಿದ್ದವು. ಗಣಕಯಂತ್ರಕ್ಕಾದರೋ ಅಕ್ಷರಗಳ ರೂಪ ತಿಳಿಯದು. ಅದರ ನೆನಪಿನಲ್ಲಿರುವುದು ಸಂಖ್ಯೆಗಳ ಸಾಲು ಮಾತ್ರ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರ ಪ್ರಕಾರ ‘ಸ್ತ್ರೀ’ ಎಂಬ ಒಂದೇ ಅಕ್ಷರ ಯಂತ್ರದ ಪಾಲಿಗೆ ಆರು ಘಟಕಗಳು: ಸಕಾರ, ವಿರಾಮಚಿಹ್ನೆ, ತಕಾರ, ಮತ್ತೆ ವಿರಾಮಚಿಹ್ನೆ, ರಕಾರ, ಕೊನೆಗೆ ದೀರ್ಘದ ಗುಣಿತಚಿಹ್ನೆ. ಆರನ್ನು ಒಂದಾಗಿಸಿ ಕಣ್ಣಿಗೆ ಒಪ್ಪುವಂತೆ ಇಳಿಸುವ ಹೊಣೆ ಬೇರೊಬ್ಬರದು.

‘ಸೂರ್ಯ’ ಎಂಬಲ್ಲಿ ರಕಾರವನ್ನು ಮೊದಲು ಬೆರಳಚ್ಚಿಸಿದರೂ ಅದು ಯಕಾರದ ನಂತರ ಅರ್ಕಾವತ್ತಾಗಿ ಕೂರಬೇಕು. ‘ರ‍್ಯಾಂಕ್’ ಎಂಬಲ್ಲಿಯಾದರೋ ಅದೇ ರಕಾರ ತನ್ನ ಸ್ಥಾನದಲ್ಲಿಯೇ ನಿಂತು ಯಕಾರವನ್ನು ಒತ್ತಾಗಿ ಹೊರಬೇಕು. ಕ್ರಮ ಒಂದೇ, ರೂಪ ಎರಡು! ಈ ಭೇದವನ್ನು ಯಂತ್ರಕ್ಕೆ ತಿಳಿಸಲೆಂದು ಕಣ್ಣಿಗೆ ಕಾಣದ ಒಂದು ‘ಜೋಡಕ’ ಚಿಹ್ನೆಯುಂಟು. ಅದನ್ನು ರಕಾರದ ಬೆನ್ನಿಗೇ ಇಡಬೇಕೆಂಬುದು ಇಂದಿನ ನಿಯಮ. ಹಳೆಯ ರೂಢಿಯಲ್ಲಿ ಅದನ್ನು ವಿರಾಮಚಿಹ್ನೆಯ ಅನಂತರ ಇಡುತ್ತಿದ್ದರು. ಸೋದರಮಾವನ ಕಡತ ಹಳೆಯ ರೂಢಿಯದು. ಹುಡುಗನ ತಂತ್ರಾಂಶ ಆ ರೂಢಿಯನ್ನು ಅರಿಯದು. ಮನೆಯ ಸಂಭ್ರಮ ಮುರಿದದ್ದು ಇಲ್ಲಿ.

ಅಕ್ಷರಗಳನ್ನು ಹೀಗೆ ಜೋಡಿಸಿಕೊಡುವ ತಂತ್ರಾಂಶಗಳಲ್ಲಿ ಹೆಸರಾದದ್ದು ಹಾರ್ಫ್‌ಬಜ್. ಪಾರಸಿ ಭಾಷೆಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಬೆಹದಾದ್ ಎಸ್ಫಾಬೋದ್ ಎಂಬ ತಂತ್ರಜ್ಞ ಹೊಸದಾಗಿ ರೂಪಿಸಿದ ಇದರ 1.0 ಆವೃತ್ತಿ 2015ರಲ್ಲಿ ಹೊರಬಂದಿತು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಫೋನುಗಳು ಇದನ್ನು ಆಶ್ರಯಿಸಿವೆ. ಫೋನಿನಲ್ಲಿ ಕನ್ನಡ ಓದುವ ಅಜ್ಜಿಯೂ ಹೆಸರು ಕೇಳದೆಯೇ ಇದರ ಸೇವೆಯನ್ನು ಪಡೆದಿರುತ್ತಾಳೆ. ಇಂಥದನ್ನು ‘ಲೈಬ್ರರಿ’ ಎನ್ನುವುದು ವಾಡಿಕೆ. ಇದು ಪುಸ್ತಕಭಂಡಾರವಲ್ಲ, ತಾನಾಗಿ ಓಡದೆ ಬೇರೆ ತಂತ್ರಾಂಶಗಳ ಕರೆಗೆ ಓಗೊಟ್ಟು ಕೆಲಸ ಮಾಡಿಕೊಡುವ ಸಾಧನಗಳ ಕಟ್ಟು.

ಹುಡುಗನ ಬಳಿ ಇದ್ದದ್ದು ಹಳೆಯ ಕಟ್ಟು. ಹೊಸದನ್ನು ಸಿದ್ಧರೂಪದಲ್ಲಿ ತರಬಹುದಾಗಿತ್ತು. ವಿಂಡೋಸ್ ಬಳಸುವವರ ಅಭ್ಯಾಸವೇ ಅದು: ಎರಡು ಬಾರಿ ಒತ್ತಿದರೆ ಎಲ್ಲವೂ ಬಂದು ಕುಳಿತುಕೊಳ್ಳಬೇಕು. ಅಂಗಡಿಯ ಹುಳಿಪುಡಿಯೂ ಹಾಗೆಯೇ ಅಲ್ಲವೆ? ಪೊಟ್ಟಣ ಒಡೆದರೆ ಸಾಕು. ಆದರೆ ಮೆಂತ್ಯ ಹೆಚ್ಚಾಗಿದ್ದರೆ ತೆಗೆಯುವಂತಿಲ್ಲ. ಮನೆಯಲ್ಲಿ ಹುರಿದು ಕುಟ್ಟುವವಳಿಗೆ ಶ್ರಮವುಂಟು, ಅಧಿಕಾರವೂ ಉಂಟು. ಹಾರ್ಫ್‌ಬಜ್‌ನ ಮೂಲಪಾಠವನ್ನು, ಎಂದರೆ ಮನುಷ್ಯನು ಓದಿ ತಿದ್ದಬಹುದಾದ ಬರಹವನ್ನು, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನವೇ ಕಂಪೈಲರ್. ಹುಡುಗ ಕುಟ್ಟುವ ದಾರಿಯನ್ನೇ ಹಿಡಿದ.

ಮೊದಲ ಅಡ್ಡಿ ಎದುರಾದದ್ದು ಹೊಸ್ತಿಲಲ್ಲಿಯೇ. ವಿಂಡೋಸ್ ತನ್ನೊಡನೆ ಸಿ++ ಕಂಪೈಲರನ್ನು ಹೊತ್ತು ತರುವುದಿಲ್ಲ. ಮೈಕ್ರೋಸಾಫ್ಟಿನ ಬಿಲ್ಡ್ ಟೂಲ್ಸ್ ಎಂಬ ಕಟ್ಟನ್ನು ಬೇರೆಯಾಗಿ ತರಿಸಬೇಕು. ಅದೇ ಕೆಲವು ಗಿಗಾಬೈಟಿನಷ್ಟು ಭಾರ. ಅದರ ಮೇಲೆ ಪೈಥಾನ್, ಗಿಟ್, ಮೆಸನ್, ನಿಂಜಾ. ಮೆಸನ್ ಎಂಬ ಹೆಸರನ್ನು ಪರಮಾಣುವಿನೊಳಗಿನ ಕಣವೊಂದರಿಂದ ಎತ್ತಿಕೊಂಡಿದ್ದರೂ ಅದು ಮಾಡುವುದು ಮೇಸ್ತ್ರಿಯ ಕೆಲಸ: ನಕ್ಷೆ ಓದಿ, ಯಾವ ಸಾಮಗ್ರಿ ಇದೆ, ಯಾವುದಿಲ್ಲ ಎಂದು ಲೆಕ್ಕ ಹಾಕುವುದು. ನಿಂಜಾ ಆ ಲೆಕ್ಕದಂತೆ ಬಿರುಸಾಗಿ ಕೆಲಸ ನಡೆಸುವ ಆಳು.

ಎಲ್ಲವನ್ನೂ ತಂದಿಟ್ಟು, ಕಪ್ಪು ಕಿಟಕಿಯನ್ನು ತೆರೆದು ‘ಸಿಎಲ್’ ಎಂದು ಕಂಪೈಲರನ್ನು ಕರೆದರೆ, ಅಂಥ ಆಜ್ಞೆಯೇ ತಿಳಿಯದೆಂದು ಯಂತ್ರ ತಲೆಯಾಡಿಸುತ್ತದೆ! ಎಷ್ಟೋ ಮಂದಿ ಕೈಚೆಲ್ಲುವುದು ಇಲ್ಲಿಯೇ. ಕಾರಣ ಸರಳ. ಕಂಪೈಲರ್ ಮನೆಯಲ್ಲಿದೆ, ಅದರ ವಿಳಾಸ ಆ ಕಿಟಕಿಗೆ ಗೊತ್ತಿಲ್ಲ. ಬಿಲ್ಡ್ ಟೂಲ್ಸ್ ತನ್ನದೇ ಆದ ಬೇರೆ ಕಿಟಕಿಗಳನ್ನು ಆರಂಭದ ಪಟ್ಟಿಯಲ್ಲಿ ಇಟ್ಟಿರುತ್ತದೆ. ಅವುಗಳಲ್ಲಿಯೂ 64 ಬಿಟ್ಟಿನದನ್ನೇ ಆರಿಸಬೇಕು. 32 ಬಿಟ್ಟಿನ ಕಿಟಕಿಯಲ್ಲಿ ಕಟ್ಟಿದ ಭಾಗವನ್ನು 64ರದರೊಡನೆ ಬೆಸೆಯಹೋದರೆ ಎಲ್‌ಎನ್‌ಕೆ 1112 ಎಂಬ ದೋಷಸಂಖ್ಯೆ ಎದುರು ನಿಲ್ಲುತ್ತದೆ. ಗೋತ್ರ ಹೊಂದದ ಜಾತಕದಂತೆ, ಎಷ್ಟು ಬೇಡಿಕೊಂಡರೂ ಆ ಸಂಬಂಧ ಕೂಡುವುದಿಲ್ಲ.

ಮೂಲಪಾಠವನ್ನು ಇಳಿಸಿಕೊಳ್ಳುವ ಜಾಗದಲ್ಲಿಯೂ ಎಚ್ಚರ ಬೇಕು. ಹುಡುಗ ಅಭಿಮಾನದಿಂದ ಕಡತಕೋಶಕ್ಕೆ ಕನ್ನಡ ಲಿಪಿಯಲ್ಲಿಯೇ ಹೆಸರಿಟ್ಟಿದ್ದ. ರೋಮನ್ ಲಿಪಿಯಲ್ಲದ ಹೆಸರು ದಾರಿಯಲ್ಲಿ ಬಂದರೆ ಕಟ್ಟುವ ಸಾಧನಗಳಲ್ಲಿ ಕೆಲವು ಎಡವುವುದುಂಟು. ಕನ್ನಡದ ಒತ್ತನ್ನು ಸರಿಪಡಿಸುವ ಕೆಲಸಕ್ಕೆ ಕನ್ನಡದ ಹೆಸರೇ ಅಡ್ಡಬರುವುದೆಂದರೆ ವಿಚಿತ್ರವಲ್ಲವೆ? ಅವನು ಸಿ ಡ್ರೈವಿನ ತುದಿಯಲ್ಲಿಯೇ ಗಿಡ್ಡ ಹೆಸರಿನ ಕೋಶವೊಂದನ್ನು ತೆರೆದು ಮುಂದುವರಿಯುತ್ತಾನೆ.

‘ಮೆಸನ್ ಸೆಟಪ್ ಬಿಲ್ಡ್’ ಎಂದೊಡನೆ ಮೇಸ್ತ್ರಿಯ ವಿಚಾರಣೆ ಆರಂಭ. ಗ್ಲಿಬ್ ಇದೆಯೆ? ಫ್ರೀಟೈಪ್ ಇದೆಯೆ? ಇವುಗಳಲ್ಲಿ ಅನೇಕವು ಇಲ್ಲದಿದ್ದರೂ ಹಾರ್ಫ್‌ಬಜ್‌ನ ಒಡಲು ಸಿದ್ಧವಾಗುತ್ತದೆ. ಆದರೆ ಪರೀಕ್ಷಿಸಿ ನೋಡುವ ಉಪಕರಣಗಳಿಗೆ ಗ್ಲಿಬ್ ಬೇಕು. ಫ್ರೀಟೈಪಿನ ಕಥೆಯಂತೂ ನಗೆ ತರಿಸುವಂಥದು. ಅಕ್ಷರದ ಗೆರೆಗಳನ್ನು ಬಿಂದುಗಳಾಗಿಸುವ ಆ ಲೈಬ್ರರಿಯನ್ನು ಹಾರ್ಫ್‌ಬಜ್ ಬಳಸಿಕೊಳ್ಳಬಲ್ಲುದು. ಅದೂ ಹಾರ್ಫ್‌ಬಜ್ಜನ್ನು ಬಳಸಿಕೊಳ್ಳಬಲ್ಲುದು. ಯಾವುದನ್ನು ಮೊದಲು ಕಟ್ಟುವುದು? ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ಗಾದೆ ಇದಕ್ಕೆಂದೇ ಹುಟ್ಟಿತೋ ಏನೋ! ಬಲ್ಲವರು ಬಹುಕಾಲ ಅನುಸರಿಸಿದ ಉಪಾಯ ಹೀಗೆ: ಮೊದಲು ಹಾರ್ಫ್‌ಬಜ್ ಇಲ್ಲದೆ ಫ್ರೀಟೈಪನ್ನು ಕಟ್ಟುವುದು, ಅದನ್ನು ಸೇರಿಸಿ ಹಾರ್ಫ್‌ಬಜ್ಜನ್ನು ಕಟ್ಟುವುದು, ಬೇಕಾದಲ್ಲಿ ಫ್ರೀಟೈಪನ್ನು ಇನ್ನೊಮ್ಮೆ ಕಟ್ಟುವುದು. ಹುಡುಗನಿಗೆ ಬೇಕಾದದ್ದು ಜೋಡಣೆಯಷ್ಟೇ ಆದುದರಿಂದ ಅವನು ಫ್ರೀಟೈಪನ್ನು ಬದಿಗಿಡುತ್ತಾನೆ.

‘ಮೆಸನ್ ಕಂಪೈಲ್’ ಎಂದ ಮೇಲೆ ಪರದೆಯ ಮೇಲೆ ಸಾಲುಗಳು ಹರಿಯತೊಡಗುತ್ತವೆ. ಅಮ್ಮ ಬಾಗಿಲಲ್ಲಿ ನಿಂತು, “ಇನ್ನೂ ಬೇಯಲಿಲ್ಲವೆ?” ಎನ್ನುತ್ತಾಳೆ. ಬೆಂದದ್ದನ್ನು ರುಚಿ ನೋಡುವ ಕ್ರಮ ಇಲ್ಲಿಯೂ ಉಂಟು. ‘ಮೆಸನ್ ಟೆಸ್ಟ್’ ಎಂದರೆ ಲೋಕದ ಅನೇಕ ಲಿಪಿಗಳ ಮಾದರಿಗಳನ್ನು ಜೋಡಿಸಿ, ಬಂದ ಫಲವನ್ನು ಬರಬೇಕಾದುದರೊಡನೆ ಹೋಲಿಸಿ ನೋಡಲಾಗುತ್ತದೆ. ಕೊನೆಯದು ‘ಮೆಸನ್ ಇನ್‌ಸ್ಟಾಲ್’. ಸಿದ್ಧವಾದ ಡಿಎಲ್‌ಎಲ್ ಒಂದು ಕೋಶಕ್ಕೆ, ಬೆಸೆಯಲು ಬೇಕಾದ ಲಿಬ್ ಕಡತ ಇನ್ನೊಂದಕ್ಕೆ, ಶಿರೋಕಡತಗಳು ಮತ್ತೊಂದಕ್ಕೆ ಹೋಗಿ ಸೇರುತ್ತವೆ.

ಇಷ್ಟಾದರೂ ಆಮಂತ್ರಣದ ತಂತ್ರಾಂಶ ಏಳುವುದಿಲ್ಲ. ಡಿಎಲ್‌ಎಲ್ ಕಾಣುತ್ತಿಲ್ಲವೆಂದು ದೂರುತ್ತದೆ. ಕಟ್ಟಿದ ಮಾತ್ರಕ್ಕೆ ಸಾಲದು, ಕರೆದರೆ ಕೇಳುವಷ್ಟು ಹತ್ತಿರದಲ್ಲಿರಬೇಕು. ವಿಂಡೋಸ್ ಸಾಮಾನ್ಯವಾಗಿ ಡಿಎಲ್‌ಎಲ್ಲನ್ನು ತಂತ್ರಾಂಶ ಇರುವ ಕೋಶದಲ್ಲಿಯೇ ಮೊದಲು ಅರಸುತ್ತದೆ. ಪಾಥ್ ಎಂಬ ವಿಳಾಸಪಟ್ಟಿಯ ಸರದಿ ಕೊನೆಗೆ. ಡಿಎಲ್‌ಎಲ್ಲನ್ನು ತಂತ್ರಾಂಶದ ಪಕ್ಕಕ್ಕೆ ತಂದಿಟ್ಟೊಡನೆ ತಂತ್ರಾಂಶ ಎಚ್ಚರಗೊಳ್ಳುತ್ತದೆ. ಸೋದರಮಾವನ ಒಕ್ಕಣೆಯಲ್ಲಿ ಒಂದಕ್ಷರವನ್ನೂ ತಿದ್ದದೆ, ‘ರ‍್ಯಾಂಕ್’ ತನ್ನ ಒತ್ತಿನೊಡನೆ ನೆಟ್ಟಗೆ ನಿಲ್ಲುತ್ತದೆ.

ಇಷ್ಟು ಪಡಿಪಾಟಲು ಬೇಕೆ ಎಂದು ಕೇಳುವವರುಂಟು. ಅವರ ಮಾತಿನಲ್ಲಿ ನ್ಯಾಯವೂ ಉಂಟು. 2016ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಸಿಪಿಕೆಜಿ ಎಂಬ ಸಾಧನ ಈ ಕೆಲಸವನ್ನೆಲ್ಲ ಒಂದೇ ಆಜ್ಞೆಗೆ ಮಾಡಿಕೊಡುತ್ತದೆ. ದಿನಬಳಕೆಗೆ ಅದೇ ಸಾಕು.

ಆದರೆ ಆ ರಾತ್ರಿ ಹುಡುಗ ಇನ್ನೊಂದು ಕೆಲಸ ಮಾಡುತ್ತಾನೆ. ತೊಡಕು ಎಲ್ಲಿ ಬಿಡಿಸಿತು ಎಂಬ ಕುತೂಹಲದಿಂದ ಭಾರತೀಯ ಲಿಪಿಗಳಿಗೆ ಮೀಸಲಾದ ಮೂಲಕಡತವನ್ನು ತೆರೆದು ಓದುತ್ತಾನೆ. ಸಾವಿರಾರು ಮೈಲಿ ದೂರದಲ್ಲಿ ಬರೆದ ಆ ಬರಹದ ನಡುವೆ ಒಂದು ಟಿಪ್ಪಣಿ. ಕನ್ನಡದ ಹೆಸರನ್ನೇ ಹಿಡಿದು, ಹಳೆಯ ರೂಢಿಯ ಬರಹ ಕೆಡದಿರಲೆಂದು, ಹಳೆಯ ಕ್ರಮವನ್ನು ಹೊಸದರಂತೆಯೇ ಕಾಣಬೇಕೆಂದು ಅಲ್ಲಿ ಹೇಳಿದೆ. ಅದರ ಕೆಳಗೆ ಅದನ್ನು ನಡೆಸುವ ಕೆಲವೇ ಸಾಲುಗಳು.

ಆ ಸಾಲುಗಳು ತಾವಾಗಿ ಹುಟ್ಟಿದವಲ್ಲ. ಮುರಿದ ಒತ್ತನ್ನು ಯಾರೋ ಕಂಡಿದ್ದಾರೆ, ದೋಷವೆಂದು ತಿಳಿಸಿದ್ದಾರೆ. ಯಾರೋ ತಿದ್ದಿದ್ದಾರೆ, ಕಟ್ಟಿ ಪರೀಕ್ಷಿಸಿದ್ದಾರೆ. ಮೂಲ ತೆರೆದಿದ್ದುದರಿಂದ ಅದು ಸಾಧ್ಯವಾಯಿತು. ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಅರ್ಜಿ ಬರೆದು ಕಾದಿರಬೇಕಾಗಿತ್ತು. ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳಗಿನ ಕೆಲಸ ಆಗುವುದಿಲ್ಲ. ಒಳಗೆ ಹೋಗಿ ಕಟ್ಟಲು ಬಲ್ಲವರು ಬೇಕು. ಕನ್ನಡ ತೆರೆಯ ಮೇಲೆ ಹೇಗೆ ಕಾಣಬೇಕೆಂಬುದನ್ನು ಕನ್ನಡಿಗರೇ ನೋಡಿ ಹೇಳಬೇಕಾದರೆ, ಆಗಾಗ ಇಂಥ ಒಬ್ಬಿಬ್ಬರು ಹುಡುಗರ ನಿದ್ದೆ ಖರ್ಚಾಗಲೇಬೇಕು.

ಬೆಳಗಿನ ಕಾಫಿಯೊಡನೆ ತಾಯಿ ಹೊಸ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ.

“ಈಗ ಸರಿಯಾಯಿತು. ಅಷ್ಟಕ್ಕೆ ಎರಡು ರಾತ್ರಿ ಬೇಕಾಯಿತೆ?” ಎನ್ನುತ್ತಾಳೆ.

ಮಗ ಉತ್ತರ ಕೊಡುವುದಿಲ್ಲ. ಅವನು ಆಗಲೇ ಮಲಗಿ ನಿದ್ದೆ ಹೋಗಿದ್ದಾನೆ.