ಗಾಳಕ್ಕೆ ಜೀವದ ಎರೆ ಬೇಕೆ?

ಮೀನಿಗೆ ಗಾಳ ಹಾಕುವ ವಿದ್ಯೆ ಎಷ್ಟು ಹಳೆಯದೋ, ಗಾಳದ ತುದಿಗೆ ಏನನ್ನು ಸಿಕ್ಕಿಸಬೇಕೆಂಬ ವಿಚಾರವೂ ಅಷ್ಟೇ ಹಳೆಯದು. ಈ ವಿಚಾರವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದ ಹೆಗ್ಗಳಿಕೆಯಲ್ಲಿ ಕನ್ನಡ ನಾಡಿಗೂ ದೊಡ್ಡ ಪಾಲಿದೆಯೆಂಬುದನ್ನು ಬಹಳ ಮಂದಿ ಅರಿಯರು. ಇಂದು ಬೀದರ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿರುವ ಬಸವಕಲ್ಯಾಣವು ಹಿಂದೆ ಚಾಳುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. ಅಲ್ಲಿ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಭಾಗವುಂಟು. ಸಮುದ್ರದ ಮೀನುಗಳು ಯಾವುವು, ಸಿಹಿನೀರಿನವು ಯಾವುವು, ಯಾವ ಜಾತಿಗೆ ಯಾವ ಮೇವು ಒಗ್ಗುವುದು, ಕೋಲು ದಾರಗಳು ಹೇಗಿರಬೇಕು ಎಂಬುದನ್ನೆಲ್ಲ ಅರಸನು ಅಲ್ಲಿ ವಿವರಿಸಿದ್ದಾನೆ. ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಕುರಿತು ಪ್ರಬಂಧ ಬರೆದು ವಿದ್ವಾಂಸರ ಗಮನಕ್ಕೆ ತಂದರು.

ಅದೇ ಸೀಮೆಯಲ್ಲಿ ಇಂದು ಅದೇ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕಾಗಿದೆ. ಬಸವಕಲ್ಯಾಣದ ತ್ರಿಪುರಾಂತಕ ಕೆರೆ, ಚುಳಕಿನಾಲೆಯ ಜಲಾಶಯ, ಹುಮನಾಬಾದಿಗೆ ದೂರವಲ್ಲದ ಕಾರಂಜಾ ಜಲಾಶಯ, ಇವಲ್ಲದೆ ಊರೂರಿನ ಕೆರೆಕುಂಟೆಗಳು ಗಾಳಗಾರರನ್ನು ಸೆಳೆಯುವಂಥವು. ಇಂಥ ನೀರುಗಳಲ್ಲಿ ಗಾಳಗಾರನು ಎಲ್ಲಕ್ಕಿಂತ ಹೆಚ್ಚಾಗಿ ಬಯಸುವ ಮೀನೆಂದರೆ ಕೊರವ. ಮರಾಠಿಯವರು ಇದನ್ನು ಮರಳ ಎನ್ನುತ್ತಾರೆ. ತೆಲುಗರಿಗೆ ಇದು ಕೊರ್ರಮೀನು, ತೆಲಂಗಾಣದ ರಾಜ್ಯಮೀನು. ಮೂರು ಭಾಷೆಗಳು ಕೂಡುವ ಈ ಗಡಿನಾಡಿನಲ್ಲಿ ಒಂದೇ ಮೀನಿಗೆ ಮೂರು ಹೆಸರುಗಳಿದ್ದರೂ, ಅದನ್ನು ಹಿಡಿಯುವ ಕ್ರಮ ಮಾತ್ರ ಒಂದೇ. ಜೀವಂತ ಕಪ್ಪೆಯನ್ನೋ ಸಣ್ಣ ಮೀನನ್ನೋ ಕೊಕ್ಕೆಗೆ ಚುಚ್ಚಿ, ಜೊಂಡಿನ ಅಂಚಿನಲ್ಲಿ ಒದ್ದಾಡುವಂತೆ ಬಿಡುವುದು ಎಲ್ಲೆಡೆಯೂ ಬಂದಿರುವ ರೂಢಿ. ಈ ರೂಢಿಯನ್ನು ಬಿಟ್ಟು, ಮೆದು ಪ್ಲಾಸ್ಟಿಕ್ಕಿನಿಂದ ಮಾಡಿದ ಕೃತಕ ಎರೆಯನ್ನು ಬಳಸುವುದು ಲೇಸೆಂದು ನಾವು ಭಾವಿಸುತ್ತೇವೆ. ಆದರೆ ಈ ಮಾತಿಗೆ ಒಂದು ಷರತ್ತು ಉಂಟು; ಅದನ್ನು ಮುಂದೆ ಹೇಳುವೆವು.

ಕೊರವನಿಗೆ ಕಪ್ಪೆಯೇ ಏಕೆ? ಆ ಮೀನಿನ ಜೀವನಕ್ರಮವನ್ನು ನೋಡಿದರೆ ಉತ್ತರ ದೊರೆಯುತ್ತದೆ. ಕೊರವನಿಗೆ ಕಿವಿರುಗಳಲ್ಲದೆ ತಲೆಯೊಳಗೆ ಗಾಳಿಯನ್ನು ಹಿಡಿದಿಡುವ ಒಂದು ಕೋಣೆಯುಂಟು. ಬೆಳೆದ ಮೀನು ಆಗಾಗ್ಗೆ ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗಲೇಬೇಕು. ತಡೆದರೆ ನೀರಿನಲ್ಲಿಯೇ ಉಸಿರುಗಟ್ಟಿ ಸಾಯುವುದು. ಆದುದರಿಂದ ಅದು ಆಳದ ತಿಳಿನೀರಿಗಿಂತ ಜೊಂಡು ಪಾಚಿಗಳು ಬೆಳೆದ ತೆಳುನೀರನ್ನೇ ಬಯಸುತ್ತದೆ. ಅಲ್ಲಿ ಹೊಂಚುಹಾಕಿ ನಿಂತು, ಮೇಲ್ಗಡೆ ಚಲಿಸುವ ಕಪ್ಪೆ, ಕೀಟ, ಮರಿಮೀನುಗಳ ಮೇಲೆ ಬಾಣದಂತೆ ಎರಗುವುದು ಅದರ ಸ್ವಭಾವ. ಬೇಟೆಯನ್ನು ಗುರುತಿಸಲು ಅದಕ್ಕೆ ಕಣ್ಣು ಒಂದು ಸಾಧನ. ಮೈಯ ಎರಡು ಪಕ್ಕಗಳಲ್ಲಿ ಸಾಗುವ ಪಾರ್ಶ್ವರೇಖೆಯು ಇನ್ನೊಂದು. ನೀರಿನ ಅತಿ ಸೂಕ್ಷ್ಮ ಕಂಪನಗಳನ್ನೂ ಈ ರೇಖೆ ಗ್ರಹಿಸಬಲ್ಲದು. ಎಂದರೆ, ಕೊರವನು ಎರಗುವುದು ಹೆಚ್ಚಾಗಿ ಆಕಾರಕ್ಕೆ ಮತ್ತು ಚಲನೆಗೆ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ಜೀವಂತ ಎರೆಯ ದೋಷಗಳನ್ನು ನೋಡೋಣ. ಕೊಕ್ಕೆಗೆ ಚುಚ್ಚಿದ ಕಪ್ಪೆ ಬಹಳ ಹೊತ್ತು ಸಾಯದೆ ನವೆಯುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಕರುಣೆಯ ಮಾತಿಗೆ ಕಿವಿಗೊಡದವರೂ ಲೆಕ್ಕದ ಮಾತಿಗೆ ಕಿವಿಗೊಡಬೇಕು. ಮಳೆಗಾಲದ ಕೆಲವೇ ದಿನಗಳಲ್ಲಿ ಕಪ್ಪೆಗಳು ಕುಂಟೆಗಳಲ್ಲಿ ಕೂಡಿ ಮೊಟ್ಟೆಯಿಡುತ್ತವೆ. ಎರೆಗಾಗಿ ಅವುಗಳನ್ನು ಹಿಡಿಯುವುದು ಸುಲಭವಾಗುವುದೂ ಆ ದಿನಗಳಲ್ಲಿಯೇ. ಮೊಟ್ಟೆಯಿಡುವ ಮುನ್ನ ಸತ್ತ ಒಂದು ಹೆಗ್ಗಪ್ಪೆಯೊಂದಿಗೆ ಸಾವಿರಾರು ಮರಿಗಳ ಸಂಭವವೂ ಅಳಿಯುವುದು. ತೊಗರಿ, ಜೋಳ, ಸೋಯಾಬೀನ್ ಬೆಳೆಯುವ ಈ ಸೀಮೆಯ ಹೊಲಗಳಲ್ಲಿ ರಾತ್ರಿಯೆಲ್ಲ ಕೀಟಗಳನ್ನು ತಿಂದು ಕಾಯುವ ಕೂಲಿಯಿಲ್ಲದ ಆಳು ಈ ಕಪ್ಪೆಯೇ. ಹಿಂದೆ ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಪರದೇಶಗಳಿಗೆ ಅಪಾರವಾಗಿ ರಫ್ತಾಗುತ್ತಿದ್ದುವು. 1985ರಲ್ಲಿ ಹೆಗ್ಗಪ್ಪೆಯನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಲಾಯಿತು. 1987ರಲ್ಲಿ ಭಾರತ ಸರ್ಕಾರವು ಆ ರಫ್ತನ್ನೇ ನಿಷೇಧಿಸಿತು. ಹಡಗಿನಲ್ಲಿ ಹೋಗುತ್ತಿದ್ದ ಕಪ್ಪೆಯನ್ನು ಉಳಿಸಿದ ನಾವು ಕೆರೆಯ ದಂಡೆಯಲ್ಲಿ ಅದನ್ನು ಕೊಕ್ಕೆಗೆ ಒಡ್ಡುವುದು ಯಾವ ನ್ಯಾಯ?

ಎರಡನೆಯ ದೋಷ ಕಣ್ಣಿಗೆ ಕಾಣದ್ದು, ಆದುದರಿಂದಲೇ ಹೆಚ್ಚು ಅಪಾಯಕರವಾದದ್ದು. ಒಂದು ಕೆರೆಯಲ್ಲಿ ಹಿಡಿದ ಮರಿಮೀನುಗಳನ್ನು ಬಕೀಟಿನಲ್ಲಿ ತುಂಬಿ ಇನ್ನೊಂದು ಕೆರೆಗೆ ಒಯ್ಯುವುದು, ಸಂಜೆ ಉಳಿದುವನ್ನು ಅಲ್ಲಿಯೇ ಸುರಿದು ಬರುವುದು ಗಾಳಗಾರರಲ್ಲಿ ಸಾಮಾನ್ಯ. ಆ ಬಕೀಟಿನಲ್ಲಿ ಹೋಗುವುದು ಮೀನು ಮಾತ್ರವಲ್ಲ. ಅದರ ರೋಗವೂ ಹೋಗುತ್ತದೆ. ಮೀನಿನ ಮೈಮೇಲೆ ಕೆಂಪು ಹುಣ್ಣುಗಳನ್ನೆಬ್ಬಿಸುವ, ಬೂಷ್ಟನ್ನು ಹೋಲುವ ಸೂಕ್ಷ್ಮಜೀವಿಯಿಂದ ಬರುವ ಹುಣ್ಣುರೋಗವು 1988ರಲ್ಲಿ ಈಶಾನ್ಯ ದಿಕ್ಕಿನಿಂದ ಭಾರತವನ್ನು ಹೊಕ್ಕು, ಕೆಲವೇ ವರ್ಷಗಳಲ್ಲಿ ದೇಶದ ಬಹುಭಾಗವನ್ನು ವ್ಯಾಪಿಸಿತು. ಅದಕ್ಕೆ ತೀವ್ರವಾಗಿ ತುತ್ತಾದ ಮೀನುಗಳಲ್ಲಿ ಕೊರವನೂ ಒಂದು. ಆ ರೋಗ ಎರೆಯಿಂದಲೇ ಹರಡಿತೆಂದು ನಾವು ವಾದಿಸುವುದಿಲ್ಲ. ಆದರೆ ರೋಗವಿರುವ ಮೀನನ್ನೂ ಅದರ ನೀರನ್ನೂ ಸ್ಥಳದಿಂದ ಸ್ಥಳಕ್ಕೆ ಸಾಗಿಸುವುದು ಅದು ಹರಡುವ ದಾರಿಗಳಲ್ಲಿ ಒಂದೆಂಬುದು ನಿರ್ವಿವಾದ.

ಬಸವಕಲ್ಯಾಣ ಹುಮನಾಬಾದುಗಳ ವಿಷಯದಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವುಂಟು. ಕಾರಂಜಾ ನದಿಯು ಮಾಂಜ್ರಾವನ್ನು ಸೇರಿ ಗೋದಾವರಿಗೆ ಹೋಗುತ್ತದೆ. ಇದೇ ಸೀಮೆಯ ಮುಲ್ಲಾಮಾರಿ ಹೊಳೆಯಾದರೋ ಕಾಗಿಣಾ, ಭೀಮಾ ನದಿಗಳ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಎರಡು ಮಹಾನದಿಗಳ ಜಲಾನಯನಗಳನ್ನು ಬೇರ್ಪಡಿಸುವ ನೀರೇಣು ಈ ನಾಡಿನ ಮೇಲೆಯೇ ಹಾದುಹೋಗಿದೆ. ಪ್ರಕೃತಿಯು ಬೇರೆಬೇರೆಯಾಗಿಟ್ಟ ನೀರನ್ನು ಒಬ್ಬ ಗಾಳಗಾರನು ಸೈಕಲ್ಲಿಗೆ ತೂಗುಹಾಕಿದ ಬಕೀಟಿನಿಂದ ಒಂದೇ ಮುಂಜಾನೆಯಲ್ಲಿ ಕೂಡಿಸಿಬಿಡಬಲ್ಲನು.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಅಮೆರಿಕದ ಉದಾಹರಣೆ ಸಾಕು. ಅಲ್ಲಿನ ಉತ್ತರದ ಸರೋವರಗಳಲ್ಲಿ ವಾಲ್‌ಐ ಎಂಬ ಮೀನುಂಟು. ಬೆಕ್ಕಿನ ಕಣ್ಣಿನಂತೆ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪದರವಿರುವುದರಿಂದ ಅದು ಮಬ್ಬಿನಲ್ಲಿಯೂ ಬೇಟೆಯಾಡಬಲ್ಲದು. ನಮ್ಮವರಿಗೆ ಕೊರವ ಹೇಗೋ ಅಲ್ಲಿನವರಿಗೆ ವಾಲ್‌ಐ ಹಾಗೆ. ಸಣ್ಣ ಮೀನು, ಜಿಗಣೆ, ಎರೆಹುಳುಗಳೇ ಅದಕ್ಕೆ ತಕ್ಕ ಎರೆಯೆಂದು ತಲೆಮಾರುಗಳ ನಂಬಿಕೆ. 2005ರ ಹೊತ್ತಿಗೆ ಅಲ್ಲಿನ ಮಹಾಸರೋವರಗಳಲ್ಲಿ ಮೀನುಗಳಿಗೆ ರಕ್ತಸ್ರಾವವನ್ನು ಉಂಟುಮಾಡುವ ಒಂದು ವೈರಸ್ ರೋಗ ಕಂಡುಬಂದಿತು. ಅನಂತರ ಜೀವಂತ ಎರೆಮೀನನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಸಾಗಿಸುವುದರ ಮೇಲೆ ಹಲವು ಸಂಸ್ಥಾನಗಳು ಕಟ್ಟುಪಾಡುಗಳನ್ನು ವಿಧಿಸಬೇಕಾಯಿತು. ಮೆದು ಪ್ಲಾಸ್ಟಿಕ್ ಎರೆಯ ಕಡೆಗೆ ಹೊರಳಲು ಅಲ್ಲಿನ ಗಾಳಗಾರರಿಗೆ ಇದೂ ಒಂದು ಕಾರಣವಾಯಿತು.

ಈ ಎರೆಯ ಹುಟ್ಟು ಕುತೂಹಲಕರವಾದುದು. ಒಹಾಯೊ ಸಂಸ್ಥಾನದ ಆಕ್ರನ್ ನಗರದಲ್ಲಿ ನಿಕ್ ಕ್ರೀಮ್ ಎಂಬಾತನು 1949ರಲ್ಲಿ ತನ್ನ ಮನೆಯಲ್ಲಿಯೇ ಪ್ಲಾಸ್ಟಿಕ್ಕಿನ ಎರೆಹುಳುವನ್ನು ಅಚ್ಚಿನಲ್ಲಿ ಎರಕಹೊಯ್ದನು. ನೀರಿನ ಕೊಳವೆಗಳಿಗೆ ಬಳಸುವ ಪಿ.ವಿ.ಸಿ. ಪದಾರ್ಥವು ತನ್ನಷ್ಟಕ್ಕೆ ಗಡುಸಾದುದು. ಅದರ ಪುಡಿಯನ್ನು ಎಣ್ಣೆಯಂಥ ಒಂದು ಮೆದುಕಾರಕ ದ್ರವದೊಡನೆ ಬೆರೆಸಿ ಕಾಯಿಸಿದರೆ, ಆರಿದ ಮೇಲೆ ಮಾಂಸದಂತೆ ಬಳುಕುವ ವಸ್ತುವಾಗುತ್ತದೆ. ಅದರಿಂದ ಮಾಡಿದ ಬಾಲ ನೀರಿನಲ್ಲಿ ಅಲುಗಿದಾಗ ಹುಟ್ಟುವ ಕಂಪನವೇ ಮೀನಿನ ಪಾರ್ಶ್ವರೇಖೆಯನ್ನು ಮುಟ್ಟುವ ಸಂದೇಶ. ಕೊರವನಿಗೆಂದು ಈಗ ದೊರೆಯುವ ಟೊಳ್ಳು ಕಪ್ಪೆಯಲ್ಲಿ ಕೊಕ್ಕೆಯ ಮೊನೆಗಳು ಕಪ್ಪೆಯ ಮೈಗೆ ಒತ್ತಿಕೊಂಡಿರುತ್ತವೆ. ಆದಕಾರಣ ಅದು ಜೊಂಡಿಗೆ ಸಿಕ್ಕಿಕೊಳ್ಳದೆ ನೀರಿನ ಮೇಲೆ ಜಾರುತ್ತದೆ. ಮೀನು ಕಚ್ಚಿದಾಗ ಟೊಳ್ಳು ಮೈ ಅದುಮಿಕೊಂಡು ಮೊನೆಗಳು ಹೊರಬೀಳುತ್ತವೆ.

“ಏನೇ ಹೇಳಿ, ಜೀವವಿರುವ ಕಪ್ಪೆಗೆ ಕಚ್ಚುವಷ್ಟು ಮೀನು ಸುಳ್ಳು ಕಪ್ಪೆಗೆ ಕಚ್ಚದು” ಎಂದು ಅನುಭವಿಗಳು ಆಕ್ಷೇಪಿಸಬಹುದು. ತಣ್ಣೀರಿನ ದಿನಗಳಲ್ಲಿ, ಮೀನು ಮಂದವಾಗಿರುವಾಗ, ಈ ಮಾತು ಬಹುಮಟ್ಟಿಗೆ ದಿಟವೇ. ಪ್ಲಾಸ್ಟಿಕ್ಕಿಗೆ ಸಹಜವಾದ ವಾಸನೆಯಿಲ್ಲ, ರುಚಿಯಿಲ್ಲ. ಗಾಳಗಾರನು ಕೈಯಾಡಿಸದಿದ್ದರೆ ಚಲನೆಯೂ ಇಲ್ಲ. ಆದರೆ ಆಕಾರ ಚಲನೆಗಳಿಗೆ ಎರಗುವ ಕೊರವನಂಥ ಮೀನಿನಲ್ಲಿ ಈ ಕೊರತೆಯನ್ನು ಕೈಚಳಕವು ತುಂಬಬಲ್ಲದು. ನಿಂತ ಎರೆಗೆ ಒಂದೇ ಕಡೆ ಕಾದು ಕುಳಿತುಕೊಳ್ಳಬೇಕು. ಕೃತಕ ಎರೆಯಿಂದ ದಂಡೆಯುದ್ದಕ್ಕೂ ಹುಡುಕುತ್ತ ಸಾಗಬಹುದು. ಇದಲ್ಲದೆ ಜೀವಂತ ಎರೆಯನ್ನು ಮೀನು ಸಾಮಾನ್ಯವಾಗಿ ಗಂಟಲಿನವರೆಗೂ ನುಂಗುವುದು. ಚಿಕ್ಕದೆಂದು ಮರಳಿ ನೀರಿಗೆ ಬಿಟ್ಟ ಮೀನು ಆ ಗಾಯದಿಂದ ಸಾಯುವ ಸಂಭವ ಹೆಚ್ಚು. ಇನ್ನು ಕಾಟ್ಲ, ರೋಹುಗಳಿಗೆ ಪ್ರಾಣಿಯ ಎರೆಯೂ ಬೇಡ, ಪ್ಲಾಸ್ಟಿಕ್ಕೂ ಬೇಡ. ಹಿಟ್ಟಿನ ಉಂಡೆಯೇ ಸಾಕು. ಜಾತಿಗೆ ತಕ್ಕ ಮೇವು ಎಂಬ ಸೋಮೇಶ್ವರನ ತತ್ತ್ವ ಇಂದಿಗೂ ಹಳತಾಗಿಲ್ಲ.

ಇನ್ನು ನಾವು ಮೊದಲೇ ಸೂಚಿಸಿದ ಷರತ್ತು. ಕಪ್ಪೆಯನ್ನು ಉಳಿಸಲು ಹೋಗಿ ಕೆರೆಯನ್ನು ಪ್ಲಾಸ್ಟಿಕ್ಕಿನಿಂದ ತುಂಬಿಸಿದರೆ ಆ ಲಾಭ ಲಾಭವಲ್ಲ. ಕಪ್ಪೆ ಕೊಳೆತು ಮಣ್ಣಾಗುವುದು, ಪಿ.ವಿ.ಸಿ. ಕೊಳೆಯದು. ಹರಿದು ಬಿದ್ದ ಮೆದು ತುಂಡುಗಳನ್ನು ಮೀನುಗಳು ಆಹಾರವೆಂದು ನುಂಗುತ್ತವೆ. ಅಮೆರಿಕದ ಮೇಯ್ನ್ ಸಂಸ್ಥಾನದಲ್ಲಿ ಟ್ರೌಟ್ ಮೀನುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಥ ತುಂಡುಗಳನ್ನು ತಾವಾಗಿಯೇ ನುಂಗಿದ ಮೀನುಗಳು ತೂಕ ಕಳೆದುಕೊಂಡು ಸೊರಗಿದುದು ಕಂಡುಬಂದಿತು. ಎರೆಯನ್ನು ಮುಳುಗಿಸಲು ಕಟ್ಟುವ ಸೀಸದ ಗುಂಡಿನದೂ ಇದೇ ಕಥೆ. ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ನಿನಲ್ಲಿ 1987ರಲ್ಲಿ ಅವುಗಳನ್ನು ನಿಷೇಧಿಸಿದರು.

ಆದುದರಿಂದ ಗಾಳಗಾರರು ಕೆಲವು ನಿಯಮಗಳನ್ನು ತಮಗೆ ತಾವೇ ಹಾಕಿಕೊಳ್ಳತಕ್ಕದ್ದು. ಹರಿದ ಎರೆಯ ಪ್ರತಿಯೊಂದು ತುಂಡನ್ನೂ, ತುಂಡಾದ ನೈಲಾನ್ ದಾರವನ್ನೂ ಜೇಬಿನಲ್ಲಿಟ್ಟು ಮನೆಗೆ ತರಬೇಕು. ಒಂದೇ ಸಲಕ್ಕೆ ಹರಿಯುವ ತೆಳು ಎರೆಗಿಂತ ಬಹುಕಾಲ ಬಾಳುವ ಟೊಳ್ಳು ಕಪ್ಪೆಯನ್ನೇ ಆರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮರಿಗಳನ್ನು ಕಾಯುತ್ತಿರುವ ಕೊರವನಿಗೆ ಯಾವ ಎರೆಯನ್ನೂ ಒಡ್ಡಬಾರದು. ತಾಯಿತಂದೆ ಮೀನುಗಳು ಕೆಂಬಣ್ಣದ ಮರಿಗಳ ಗುಂಪನ್ನು ವಾರಗಟ್ಟಲೆ ಕಾಯುತ್ತವೆ. ಹತ್ತಿರ ಬಂದುದರ ಮೇಲೆಲ್ಲ ಹಸಿವಿಲ್ಲದಿದ್ದರೂ ಎರಗುತ್ತವೆ. ಆಗ ಪ್ಲಾಸ್ಟಿಕ್ ಕಪ್ಪೆಯೂ ಜೀವಂತ ಕಪ್ಪೆಯಷ್ಟೇ ಕ್ರೂರವಾದ ಆಯುಧ. ಕಾವಲಿನ ಮೀನು ಹೋದರೆ ಮರಿಗಳ ಗುಂಪೆಲ್ಲ ಪರಭಕ್ಷಕಗಳ ಪಾಲಾಗುವುದು.

ಬಲೆ ಬೀಸಿ ಹೊಟ್ಟೆಹೊರೆಯುವ ಬೆಸ್ತರಿಗೆ ನಾವು ಈ ಉಪದೇಶ ಮಾಡುತ್ತಿಲ್ಲ. ಅಂಬಿಗರ ಚೌಡಯ್ಯನಂಥ ಶರಣನನ್ನು ಕಂಡ ಕಲ್ಯಾಣದ ನೆಲದಲ್ಲಿ ನೀರನ್ನು ನಂಬಿದ ಕಾಯಕಕ್ಕೆ ಗೌರವವುಂಟು. ನಮ್ಮ ಮಾತು ವಿನೋದಕ್ಕಾಗಿ ಗಾಳ ಹಿಡಿಯುವವರನ್ನು ಕುರಿತದ್ದು. ಕೋಲು, ರಾಟೆ, ದಾರಗಳಿಗೆ ಹಣ ತೆರುವವನಿಗೆ ಒಂದು ಕೃತಕ ಕಪ್ಪೆ ಭಾರವಾಗಲಾರದು. ಮೀನುಗಾರಿಕೆ ಇಲಾಖೆಯು ಗಾಳದ ಪರವಾನಗಿಯಲ್ಲಿ ಜೀವಂತ ಎರೆಯನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯಕೂಡದೆಂಬ ಒಂದು ಸಾಲನ್ನು ಸೇರಿಸಿದರೆ ಬಹಳ ಉಪಕಾರವಾದೀತು. ಎಂಟು ನೂರು ವರ್ಷಗಳಿಗೂ ಹಿಂದೆ ಒಬ್ಬ ಅರಸನು ಮೀನು ಹಿಡಿಯುವುದನ್ನೂ ವಿವೇಚನೆಯ ವಿಷಯವೆಂದು ಎಣಿಸಿದನು. ಅವನ ರಾಜಧಾನಿಯ ಕೆರೆಯ ದಂಡೆಯಲ್ಲಿ ಕೂರುವವರು ಅಷ್ಟೇ ವಿವೇಚನೆಯಿಂದ ಎರೆಯನ್ನು ಆರಿಸಲೆಂದು ನಮ್ಮ ಕೋರಿಕೆ.