ಸೋರುವ ಕಿವಿಗೆ ವಾಯಿದೆ ಬೇಡ

‘ಬಾಯಾರ, ಸೋರಿದ್ರ ತಲಿಯಾಗಿನ ಹೊಲಸ ಹೊರಗ ಹೋಗತೈತಿ, ಆ ಹಾದಿ ಮುಚ್ಚಬ್ಯಾಡ್ರಿ’ ಎಂದು ಅಜ್ಜಿಯರು ಹೇಳಿದರೆ ನನಗೆ ನಗು ಬರುತ್ತದೆ. ಕೂತು ತಿಳಿಹೇಳಿದರೆ ಅವರು ಒಪ್ಪುತ್ತಾರೆ. ಸಿಟ್ಟು ಬರುವುದು ‘ದೊಡ್ಡವಳಾಗಲಿ, ಆಮೇಲೆ ನೋಡೋಣ’ ಎಂದು ತೂತಾದ ಕಿವಿಪರದೆ ಮುಚ್ಚುವ ಆಪರೇಷನ್ ಮುಂದೂಡಿ ಚೀಟಿ ಬರೆದು ಕಳಿಸುವ ನಮ್ಮವರ ಮೇಲೆ, ಕಿವಿ-ಮೂಗು-ಗಂಟಲಿನ ವೈದ್ಯರ ಮೇಲೆ.

ನಮ್ಮವರ ಆ ಮಾತು ಪೂರಾ ಸುಳ್ಳೇನಲ್ಲ. ಮೂಗಿನ ಹಿಂಬದಿಯಿಂದ ಕಿವಿಗೆ ಗಾಳಿ ಒಯ್ಯುವ ನಳಿಕೆ ಚಿಕ್ಕ ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ. ನೆಗಡಿಯಾದಾಗಲೆಲ್ಲ ಸೋಂಕು ಸಲೀಸಾಗಿ ಕಿವಿಗೇರುತ್ತದೆ, ಮುಚ್ಚಿದ ಪರದೆ ಮತ್ತೆ ತೂತಾದೀತು. ಮೂರು-ನಾಲ್ಕು ವರ್ಷದ ಕೂಸಿಗೆ ನಾನೂ ಅವಸರ ಮಾಡುವುದಿಲ್ಲ. ಬೆಂಕಿಕಡ್ಡಿ ಚುಚ್ಚಿಯೋ ಕಪಾಳಕ್ಕೆ ಬಿದ್ದ ಏಟಿನಿಂದಲೋ ಆದ ತೂತಿಗೆ ಮೂರು ತಿಂಗಳು ಕಾಯುತ್ತೇನೆ. ನೀರು ಹೋಗದಂತೆ ನೋಡಿಕೊಂಡರೆ ಬಹಳಷ್ಟು ತಾವಾಗಿಯೇ ಕೂಡುತ್ತವೆ. ನಾತ ಬರುವ ಕೀವಿನ ಮಾತೇ ಬೇರೆ. ಅದು ಮೂಳೆ ತಿನ್ನುವ ರೋಗವಿರಬಹುದು, ಅಲ್ಲಿ ಒಂದು ವಾರವೂ ತಡಮಾಡಬಾರದು.

ಆದರೆ ಎಂಟು ವರ್ಷದ ಹುಡುಗಿ, ಕಿವಿ ತಿಂಗಳುಗಟ್ಟಲೆ ಒಣಗಿದೆ, ಶ್ರವಣ ಪರೀಕ್ಷೆಯಲ್ಲಿ 35 ಡೆಸಿಬಲ್ ಕೊರತೆ. ಅವಳಿಗೂ ‘ಹನ್ನೆರಡಾಗಲಿ’ ಎನ್ನುವುದೇ? ಮೇಷ್ಟ್ರು ಬೋರ್ಡಿನ ಕಡೆ ಮುಖ ತಿರುಗಿಸಿ ಹೇಳಿದ್ದು ಅವಳಿಗೆ ಮುಟ್ಟುವುದಿಲ್ಲ. ಉಕ್ತಲೇಖನದಲ್ಲಿ ‘ತಲೆ’ ‘ಕಲೆ’ಯಾಗುತ್ತದೆ. ಐದನೇ ತರಗತಿಗೆ ಬರುವಷ್ಟರಲ್ಲಿ ದಡ್ಡಿ ಎಂಬ ಹೆಸರು ಅಂಟಿರುತ್ತದೆ.

ಆಪರೇಷನ್ನಿಗೆ ಮಗುವಿಗೆ ಪೂರ್ತಿ ಅರಿವಳಿಕೆ ಬೇಕು, ಅದನ್ನು ಮುಚ್ಚಿಡಲಾರೆ. ಕಿವಿಯ ಹಿಂದೆ ಸೀಳಿ, ಅಲ್ಲಿನ ಸ್ನಾಯುವಿನ ಮೇಲಿರುವ ತೆಳು ಹೊದಿಕೆಯ ಒಂದು ಚೂರು ತೆಗೆಯುತ್ತೇವೆ. ಹರಡಿ ಒಣಗಲು ಬಿಟ್ಟರೆ ಅದು ಹಪ್ಪಳದ ಹಾಗೆ ಗರಿಯಾಗುತ್ತದೆ. ಪರದೆ ಇರುವುದೇ ಒಂದು ಸೆಂಟಿಮೀಟರು ಅಗಲ. ಮೈಕ್ರೋಸ್ಕೋಪಿನಲ್ಲಿ ನೋಡುತ್ತ ತೂತಿನ ಅಂಚು ಕೆರೆದು ಹಸಿ ಮಾಡಿ, ಒಣಗಿದ ಚೂರನ್ನು ಅದರಡಿಗೆ ಜಾರಿಸುತ್ತೇವೆ. ತಾನಾಗಿ ಕರಗುವ ಸ್ಪಂಜಿನ ತುಣುಕುಗಳೇ ಅದಕ್ಕೆ ಆಸರೆ; ಹೊಲಿಗೆ ಏನಿದ್ದರೂ ಹೊರಚರ್ಮಕ್ಕೆ. ಹತ್ತು ಮಕ್ಕಳಲ್ಲಿ ಎಂಟರಷ್ಟು ಮಕ್ಕಳಿಗೆ ಪರದೆ ಕೂಡಿಕೊಳ್ಳುತ್ತದೆ.

ಕೆಲಸ ಕೆಡುವುದು ತಾರೀಖಿನಲ್ಲಿ. ಅಪ್ಪ-ಅಮ್ಮ ಕರೆತರುವುದು ಬೇಸಿಗೆ ರಜೆಗೆ. ಅಷ್ಟರೊಳಗೆ ಹುಡುಗರು ಬಾವಿಗೆ ಹಾರಿ ಕಿವಿ ಮತ್ತೆ ಸೋರಿಸಿಕೊಂಡಿರುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲೇ ಶುರುವಾಗಿದೆ, ತಂಡದವರು ಶಾಲೆಗೇ ಬಂದು ಕಿವಿ ನೋಡುತ್ತಾರೆ. ಅವರ ಚೀಟಿ ಹಿಡಿದು ಬಂದ ಮಗುವಿಗೆ ದಸರಾ ರಜೆಯ ತಾರೀಖು ಕೊಡಿ. ಅಲ್ಲಿಯವರೆಗೆ ಕಿವಿಗೆ ಕಾಸಿದ ಎಣ್ಣೆ ಬೇಡ, ತಲೆಸ್ನಾನಕ್ಕೆ ವ್ಯಾಸಲೀನ್ ಸವರಿದ ಹತ್ತಿ ಹೇಗಿಡಬೇಕೆಂದು ತಾಯಿಗೆ ಮಾಡಿ ತೋರಿಸಿ. ಮಗುವಿನ ಜೊತೆ ಆಸ್ಪತ್ರೆಯಲ್ಲಿ ಉಳಿಯುವಷ್ಟು ದಿನ ಆಕೆಯ ಕೂಲಿ ತಪ್ಪುತ್ತದೆ; ಸರ್ಕಾರ ಅದನ್ನು ತುಂಬಿಕೊಡದಿದ್ದರೆ ದಸರೆಯ ತಾರೀಖಿಗೂ ಆಕೆ ಬರಲಾರಳು.